ಕಾಕುವಿನ ರಕ್ತಕ್ಕೆ ಎರಡು ಹೆಸರು

ಕಾಕು ಮೊದಲ ಸಲ ಕುಸಿದು ಕುಳಿತದ್ದು ಎಲ್ಲಿ ಎನ್ನುವ ವಿಷಯದಲ್ಲಿ ನನಗೂ ನನ್ನ ಹೆಂಡತಿಗೂ ಇನ್ನೂ ಒಮ್ಮತವಿಲ್ಲ. ನನ್ನ ನೆನಪಿನಲ್ಲಿ ಅವಳು ದಹಿಸರದ ನಮ್ಮ ಬಿಲ್ಡಿಂಗಿನ ಮೆಟ್ಟಿಲ ತಿರುವಿನಲ್ಲಿ, ಕೊತ್ತಂಬರಿ ಸೊಪ್ಪಿನ ಚೀಲ ಮಡಿಲಲ್ಲಿಟ್ಟುಕೊಂಡು, ಯಾರದೋ ದಾರಿ ಕಾಯುವವಳ ಹಾಗೆ ಕುಳಿತಿದ್ದಾಳೆ. ಹೆಂಡತಿ ಹೇಳುವ ಪ್ರಕಾರ ಆ ದಿನ ಕೊತ್ತಂಬರಿ ತಂದವಳು ತಾನು. ಕಾಕು ಮನೆಯೊಳಗೆ, ಚಪ್ಪಲಿ ಇಡುವ ಸ್ಟ್ಯಾಂಡಿನ ಮೇಲೆ ಕುಳಿತಿದ್ದಳು. ನಾನು ಅಲ್ಲಿ ಇರಲೇ ಇಲ್ಲವಂತೆ, ಆಫೀಸಿನಲ್ಲಿದ್ದೆನಂತೆ. ಇರಬಹುದು. ಆದರೂ ಕೊತ್ತಂಬರಿಯ ವಾಸನೆ ನನಗೆ ಬರುತ್ತದೆ. ಕಂಡಿರದ ದೃಶ್ಯಕ್ಕೆ ವಾಸನೆ ಹೇಗೆ ಬಂತೋ. ಮುಂದೆ ನಾನು ಹೇಳುವುದನ್ನೆಲ್ಲ ಇಷ್ಟೇ ನಂಬಿಕೆಯಿಂದ ಓದಿದರೆ ಸಾಕು.

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ನಾನು ವಿಜಯಪುರದ ಕಡೆಯಿಂದ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದಾಗ ಕುರ್ಲಾದ ಚಾಳಿನಲ್ಲಿ, ಅವರಿಗಿದ್ದ ಒಂದೇ ಖೋಲಿಯಲ್ಲಿ ನನಗೂ ಹಾಸಿಗೆ ಹಾಸಿಕೊಟ್ಟವಳು. ಅವರಿಗೆ ಮಕ್ಕಳಿರಲಿಲ್ಲ. ಕಾಕಾ ಹೋದ ಮೇಲೆ ನಮ್ಮ ಜೊತೆ ಬಂದಳು. ನಾವು ಕರೆಯುವುದನ್ನು ಕೇಳಿ ಕೇಳಿ ವಾಚ್‌ಮನ್, ಇಸ್ತ್ರಿಯವನು, ಎದುರು ಮನೆಯ ಗುಜರಾತಿ ಹೆಂಗಸು ಎಲ್ಲರೂ ಅವಳನ್ನು ಕಾಕು ಎಂದೇ ಕರೆಯತೊಡಗಿದರು. ಅವಳಿಗೆ ಬೇರೆ ಹೆಸರೊಂದಿದೆ ಎಂಬುದು ಆಧಾರ್ ಕಾರ್ಡಿಗಷ್ಟೇ ನೆನಪಿತ್ತು.

ಕುಸಿದು ಕುಳಿತ ಮರುದಿನವೋ ಅದರ ಮರುದಿನವೋ ನಮ್ಮ ಫ್ಯಾಮಿಲಿ ಡಾಕ್ಟರು ಅವಳ ಉಗುರು ಒತ್ತಿ ನೋಡಿದರು, ನಾಲಿಗೆ ನೋಡಿದರು. ಚೀಟಿಯ ಮೇಲೆ ಎರಡೇ ಪರೀಕ್ಷೆ ಬರೆದರು: ರಕ್ತದ ಕಣಗಳ ಎಣಿಕೆ, ಸಕ್ಕರೆ.

"ಇಷ್ಟು ಸಾಕೇನು ಡಾಕ್ಟರ್?" ಎಂದೆ.

"ಮೊದಲು ಇಷ್ಟು ನೋಡೋಣ. ಎಲ್ಲಾ ಒಮ್ಮೆಗೇ ಬರೆದರೆ ಲ್ಯಾಬಿನವರಿಗೆ ಖುಷಿ, ನನಗೆ ತಲೆನೋವು."

ಅದು ಸರಿಯಾದ ಮಾತೇ. ಒಂದು ಅನುಮಾನ ಇಟ್ಟುಕೊಂಡು ಒಂದು ಪರೀಕ್ಷೆ ಕೇಳಬೇಕು, ಉತ್ತರ ಬಂದ ಮೇಲೆ ಮುಂದಿನದು. ಆಮೇಲೆ ಆಸ್ಪತ್ರೆಯ ಡಾಕ್ಟರೂ ಇದನ್ನೇ ಹೇಳಿದರು. ಯಾರೂ ತಪ್ಪು ಮಾಡಲಿಲ್ಲ. ಈ ಬರಹದಲ್ಲಿ ತಪ್ಪು ಮಾಡಿದವರನ್ನು ಹುಡುಕಿ ನಾನೇ ಸುಸ್ತಾಗಿದ್ದೇನೆ.

ಲ್ಯಾಬಿನವನು ಬೆಳಗ್ಗೆ ಸ್ಕೂಟರಿನಲ್ಲಿ ಮನೆಗೇ ಬಂದ. ಹೆಲ್ಮೆಟ್ಟನ್ನು ಟಿವಿಯ ಪಕ್ಕ ಇಟ್ಟು, ಕೈಗೆ ಗ್ಲೌಸ್ ಏರಿಸಿ, ಕಾಕುವಿನ ಎದುರು ಕುಳಿತು, "ಆಂಟೀಜೀ, ಪೂರಾ ನಾಮ್ ಬೋಲಿಯೇ" ಎಂದ.

ಕಾಕು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ತನ್ನ ಹೆಸರು, ಕಾಕಾನ ಹೆಸರು, ಅಡ್ಡಹೆಸರು, ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಮನೆಯಲ್ಲಿ ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಂದ ತೆಗೆಯದ ಹೆಂಗಸು. ರೇಷನ್ ಅಂಗಡಿ, ಬ್ಯಾಂಕು, ಮತಗಟ್ಟೆ, ಇಂಥ ಕಡೆ ಹಿಂದಿಯಲ್ಲೋ ಮರಾಠಿಯಲ್ಲೋ ಕೇಳಿದರೆ ಮಾತ್ರ ಆ ಮೂರು ಶಬ್ದ ಹೀಗೆ ಒಟ್ಟಿಗೆ ಹೊರಬರುತ್ತಿದ್ದವು. ಪಾಠ ಒಪ್ಪಿಸಿದ ಹಾಗೆ. ಆಮೇಲೆ ಬಾಯಿ ಒರೆಸಿಕೊಳ್ಳುತ್ತಿದ್ದಳು.

ಅವನು ರಬ್ಬರು ಪಟ್ಟಿ ಬಿಗಿದು, ನರ ಹುಡುಕಿ, ಒಂದೇ ಚುಚ್ಚಿನಲ್ಲಿ ಎರಡು ಪುಟ್ಟ ಕೊಳವೆ ತುಂಬಿಕೊಂಡ. ಒಂದಕ್ಕೆ ನೇರಳೆ ಮುಚ್ಚಳ, ಇನ್ನೊಂದಕ್ಕೆ ಬೂದು. ಈ ಬಣ್ಣಗಳನ್ನು ನಾನು ಆ ದಿನ ನೋಡಿದೆನೇ? ಅನುಮಾನ. ನೇರಳೆ ಎಂದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಒಳಗಿದೆ ಎಂದೂ, ಹಳದಿ ಎಂದರೆ ಹೆಪ್ಪುಗಟ್ಟಲು ಬಿಟ್ಟು ಮೇಲಿನ ತಿಳಿ ತೆಗೆಯುತ್ತಾರೆ ಎಂದೂ ಗೊತ್ತಾದದ್ದು ಆಮೇಲೆ. ಆಮೇಲೆ ಗೊತ್ತಾದದ್ದೆಲ್ಲ ಹಿಂದಕ್ಕೆ ಹೋಗಿ ಹಳೆಯ ಬೆಳಗುಗಳಿಗೆ ಬಣ್ಣ ಹಚ್ಚಿ ಬರುತ್ತದೆ. ಕೊಳವೆಯನ್ನು ಅವನು ಕುಲುಕಲಿಲ್ಲ, ಮೆಲ್ಲಗೆ ಮೇಲೆ ಕೆಳಗೆ ಮಾಡಿದ. ಅದನ್ನು ಮಾತ್ರ ಕಂಡದ್ದು ನಿಜ. ಏಕೆಂದರೆ ಕಾಕು, "ಮಜ್ಜಿಗಿ ಕಡದ್ಹಂಗ ಕಡೀಬ್ಯಾಡಪಾ, ಬೆಣ್ಣಿ ಬಂದೀತು" ಎಂದಳು. ಅವನಿಗೆ ಅರ್ಥವಾಗದೆ ನನ್ನ ಮುಖ ನೋಡಿದ.

ರಿಪೋರ್ಟಿಗೆ ಮೊದಲು ಫೋನು ಬಂತು. ಫೋರ್ಟಿನಲ್ಲಿ ನಮ್ಮ ಆಫೀಸಿನ ಹಿಂದಿನ ಉಡುಪಿ ಹೋಟೆಲಿನಲ್ಲಿ ನಾನು ಕಾಫಿಗೆ ಹೇಳಿ ಕುಳಿತಿದ್ದೆ. ಲ್ಯಾಬಿನ ಹೆಂಗಸು ಹಿಮೋಗ್ಲೋಬಿನ್ನಿನ ಅಂಕಿ ಹೇಳಿ, "ಪೇಷಂಟ್ ಹೋಶ್ ಮೇ ಹೈ?" ಎಂದು ಕೇಳಿದಳು. ಎಚ್ಚರ ಇದೆಯೇ ಎಂದು ಕೇಳುವಷ್ಟು ಕಡಿಮೆ. ಬೆಳಗ್ಗೆ ಕಾಕು ನನಗೆ ಉಪ್ಪಿಟ್ಟು ಮಾಡಿ ಕೊಟ್ಟಿದ್ದಳು. ಫ್ಯಾಮಿಲಿ ಡಾಕ್ಟರಿಗೆ ಫೋನು ಮಾಡಿದೆ. "ನಾಳೆ ಬೆಳಗ್ಗೆಯೇ ಅಡ್ಮಿಟ್ ಮಾಡಿ. ಇವತ್ತು ಬೆಡ್ ಸಿಕ್ಕರೆ ಇವತ್ತೇ" ಎಂದರು. ಬೆಡ್ಡು ಸಿಕ್ಕಿದ್ದು ಮರುದಿನ.

ಆಸ್ಪತ್ರೆ ನಮ್ಮ ಸಬರ್ಬಿನದೇ, ರೈಲು ಹಳಿಯಿಂದ ದೂರವಿಲ್ಲ. ಹೆಸರು ಬೇಡ. ವಾರ್ಡಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಹಿಂದಿ ಮಾತನಾಡುತ್ತಲೇ ಮರಾಠಿಗೆ ಜಾರುತ್ತಿದ್ದರು. ಕಾಕುವಿನ ನಾಡಿ ಹಿಡಿದು, ಎದೆಯ ಮೇಲೆ ಸ್ಟೆಥೋಸ್ಕೋಪ್ ಇಟ್ಟು, ನನ್ನನ್ನು ಸ್ವಲ್ಪ ಆಚೆ ಕರೆದು ವಿವರಿಸಿದರು. ಕಾಕುವಿಗೆ ಬೇರೆಯವರ ರಕ್ತ ಏರಿಸಬೇಕು, ಬೇಗ. ಆದರೆ ಏರಿಸುವ ಮೊದಲು ಅವಳ ರಕ್ತವನ್ನು ತೆಗೆಯಬೇಕು, ಎರಡು ಕಾರಣಕ್ಕೆ. ಒಂದು, ಬರುವ ರಕ್ತಕ್ಕೂ ಇವಳದಕ್ಕೂ ಹೊಂದುತ್ತದೆಯೇ ಎಂದು ಬ್ಲಡ್ ಬ್ಯಾಂಕಿನವರು ಬೆರೆಸಿ ನೋಡಬೇಕು. ಎರಡು, ರಕ್ತ ಯಾಕೆ ಇಷ್ಟು ಇಳಿಯಿತು ಎಂಬುದು. ಕಬ್ಬಿಣದ ಕೊರತೆಯೋ, ವಿಟಮಿನ್ನಿನದೋ, ಕಣಗಳು ಒಡೆಯುತ್ತಿವೆಯೋ, ಎಲುಬಿನೊಳಗಿನ ಮಜ್ಜೆಯೇ ಕೈಕೊಟ್ಟಿದೆಯೋ. ನಿನ್ನೆಯ ರಿಪೋರ್ಟಿನಲ್ಲಿ ಕೆಲವು ಕಣ ದೊಡ್ಡವು, ಕೆಲವು ಸಣ್ಣವು. ಅದರಿಂದ ಏನೂ ಹೇಳಲಾಗದು.

"ಬೇರೆಯವರ ರಕ್ತ ಒಳಗೆ ಹೋದ ಮೇಲೆ ಕೇಳಿದರೆ ಉತ್ತರ ಕೊಡುವವರು ಇವರಲ್ಲ. ಅದಕ್ಕೇ ಮೊದಲು ತೆಗೆಯುವುದು" ಎಂದರು.

ಇದನ್ನು ನಾನು ಕಾಕುವಿಗೆ ಹೇಳಿದೆ. ಅವಳು ದಿಂಬಿಗೆ ಒರಗಿದ್ದಳು, ಮಾತಿನ ನಡುನಡುವೆ ಏದುಸಿರು.

"ಇಲ್ಲದವರ ಹತ್ರನ ತಗೋತಾರಂತ ನೋಡು. ಅಂದ್ರ ಇವ್ರೂ ಮುನಸಿಪಾಲ್ಟಿಯವರಽ."

"ಕೊಡ್ಲಿಕ್ಕೆ ತಗೋತಾರ ಕಾಕೂ."

"ಎಲ್ಲಾರೂ ಹಂಗಽ ಹೇಳ್ತಾರ."

ರಕ್ತ ತೆಗೆಯಲು ಬಂದ ಹುಡುಗಿ ಈ ಮಾತು ಕೇಳಿಸಿಕೊಂಡು ನಿಂತಳು. ಇಪ್ಪತ್ತೈದರ ಆಸುಪಾಸು, ಕೈಯಲ್ಲಿ ಕೊಳವೆಗಳ ಟ್ರೇ. ಮುಖ ಅರಳಿತು. "ಅಜ್ಜೀ, ನೀವು ಕನ್ನಡಾ? ನಂದು ಪಪ್ಪಾ ಉಡುಪಿ ಸೈಡ್. ಮನೆಯಲ್ಲಿ ತುಳು. ಕನ್ನಡ ನಂಗೆ ಥೋಡಾ ಥೋಡಾ ಬರ್ತದೆ."

"ಭಾಳ ಬರ್ತದಲ್ಲವ್ವಾ! ಬಾ, ಕೂಡು" ಎಂದಳು ಕಾಕು. ಆಸ್ಪತ್ರೆಗೆ ಬಂದಾಗಿನಿಂದ ಅವಳು ನಕ್ಕದ್ದು ಆಗಲೇ.

ಸಂಬಂಧಿಕರು ಹೊರಗೆ ನಿಲ್ಲಬೇಕು ಎಂದು ನರ್ಸ್ ಪರದೆ ಎಳೆದಳು. ನಾನು ಪರದೆಯ ಈಚೆ. ಈ ಭಾಗವನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೆ ಎಂದರೆ ಈಗ ಅದರ ಅಂಚು ಸವೆದುಹೋಗಿದೆ. ಹುಡುಗಿ ಏನೋ ಕೇಳಿದಳು. ಕಾಕು ನಮ್ಮ ಕಡೆಯ ಒಂದು ನದಿಯ ಹೆಸರು ಹೇಳಿದಳು. ಹುಡುಗಿ ಅಡ್ಡಹೆಸರು ಕೇಳಿದಳು, ಕಾಕು ಅದನ್ನೂ ಹೇಳಿದಳು. ಆಮೇಲೆ ವಯಸ್ಸಿನ ಮಾತು, ನಗು, "ಮುಟಿಗೆ ಬಿಗಿ ಮಾಡಿ, ಹಾಂ, ಬಸ್, ಇನ್ನು ಬಿಡಿ ಬಿಡಿ." ನಾನು ನದಿಯ ಹೆಸರು ಕೇಳಿ ಪರದೆಯ ಈಚೆ ಸಮಾಧಾನಪಟ್ಟೆ. ಊರಿನ ಸುದ್ದಿ ನಡೆದಿದೆ, ತವರಿನ ಹೊಳೆಯ ಬಗ್ಗೆ ಹೇಳುತ್ತಿದ್ದಾಳೆ, ಹೆದರಿಲ್ಲ ಎಂದುಕೊಂಡೆ. ಕೇಳಿದ್ದು ಹೀಗೆಯೇ ಎಂದು ಪ್ರಮಾಣ ಮಾಡಲಾರೆ. ಆದರೆ ಸಮಾಧಾನಪಟ್ಟದ್ದು ಖಂಡಿತ.

ಹುಡುಗಿ ಹೊರಬಂದು, "ಬಹುತ್ ಸ್ವೀಟ್ ಹೈ ಅಜ್ಜಿ. ಆದ್ರೆ ನರ ಇಲ್ಲವೇ ಇಲ್ಲ ಅಂಕಲ್, ಕಷ್ಟದಲ್ಲಿ ಸಿಕ್ಕಿತು" ಎಂದು ಹೇಳಿ, ಕೊಳವೆಗಳ ಮೇಲೆ ಪೆನ್ನಿನಿಂದ ಬರೆಯುತ್ತ ಹೋದಳು. ರೋಗಿಯ ಕೈಗೆ ಕಟ್ಟುವ ಹೆಸರಿನ ಪಟ್ಟಿ ಕಾಕುವಿಗೆ ಇನ್ನೂ ಬಂದಿರಲಿಲ್ಲ, ಕೌಂಟರಿನ ಪ್ರಿಂಟರು ನಿಂತಿತ್ತು. ಫಾರ್ಮು ಡಾಕ್ಟರ ಮೇಜಿನ ಮೇಲಿತ್ತು. ಒಳ್ಳೆಯ ನಿಯಮವನ್ನೇ ಅವಳು ಪಾಲಿಸಿದ್ದಳು: "ನೀವು ಇಂಥವರಾ?" ಎಂದು ಕೇಳಬಾರದು, ಹಾಗೆ ಕೇಳಿದರೆ ಅರೆಎಚ್ಚರದ ರೋಗಿ ಯಾವ ಹೆಸರಿಗೂ ಹೂಂ ಎನ್ನುತ್ತಾನೆ. "ನಿಮ್ಮ ಹೆಸರೇನು?" ಎಂದೇ ಕೇಳಬೇಕು, ರೋಗಿಯ ಬಾಯಿಂದಲೇ ಬರಬೇಕು, ಹಾಸಿಗೆಯ ಪಕ್ಕದಲ್ಲೇ ಬರೆಯಬೇಕು.

ಸ್ವಲ್ಪ ಹೊತ್ತಿಗೆ ನೆಲಮಹಡಿಯ ಬ್ಲಡ್ ಬ್ಯಾಂಕಿನಿಂದ ಕರೆ ಬಂತು. ಕಿಟಕಿಯ ಹಿಂದೆ ಕುಳಿತ ಗೃಹಸ್ಥ ಒಂದು ಕೊಳವೆಯನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದ. ನೀಲಿ ಶಾಯಿಯಲ್ಲಿ ನದಿಯ ಹೆಸರು, ಮುಂದೆ ನಮ್ಮ ಅಡ್ಡಹೆಸರು.

"ಯೇ ಕೌನ್ ಹೈ?"

"ಗೊತ್ತಿಲ್ಲ. ಇದು ನಮ್ಮದಲ್ಲ" ಎಂದೆ ಹಿಂದಿಯಲ್ಲಿ.

ಅವನು ಫಾರ್ಮು ತೋರಿಸಿದ. ಅದರಲ್ಲಿ ಒಬ್ಬ ದೇವಿಯ ಹೆಸರು, ಕಾಕಾನ ಹೆಸರು, ಅದೇ ಅಡ್ಡಹೆಸರು. "ಇದು?"

"ಇದು ನಮ್ಮದು."

"ಹಾಗಾದರೆ ಇವರ ಸ್ಯಾಂಪಲ್ ಬಂದಿಲ್ಲ."

ನಾನು ಮೇಲಕ್ಕೆ ಓಡಿದೆ. ಲಿಫ್ಟಿಗೆ ಕಾದೆನೋ, ಮೆಟ್ಟಿಲು ಹತ್ತಿದೆನೋ ನೆನಪಿಲ್ಲ. ಅಷ್ಟರಲ್ಲಿ ಹೆಂಡತಿ ತಾನು ಕಲಿಸುವ ಶಾಲೆಯಿಂದ ನೇರ ಬಂದು ಕಾಕುವಿನ ಪಕ್ಕ ಕುಳಿತಿದ್ದಳು. ಅವಳು ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಆದರೆ ಬೆಳಗಾವಿಯ ಮನೆತನ, ಮಾತು ಬಿಟ್ಟಿಲ್ಲ. ನಾನು ಕಾಕುವಿನ ಕಿವಿಯ ಹತ್ತಿರ ಬಾಗಿ ಆ ನದಿಯ ಹೆಸರು ಹೇಳಿ, "ಇದು ಯಾರ ಹೆಸರು ಕಾಕೂ?" ಎಂದೆ.

ಅವಳು ಕಣ್ಣು ತೆರೆದಳು. "ನಂದಽ."

"ನಿನ್ನ ಹೆಸರು ಬ್ಯಾರೆ ಅದ ಅಲ್ಲ?"

"ಅದು ನಿಮ್ಮ ಮನಿಯಾಗಿಂದು. ಅಕಿ ಕನ್ನಡದಾಗ ಕೇಳಿದಳಲ್ಲೋ."

ಎರಡೂ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಬರೆಯಲು ಹೋದರೆ ಯಾವುದನ್ನಾದರೂ ಒಂದನ್ನು ಮೊದಲು ಬರೆಯಬೇಕಾಗುತ್ತದೆ.

ನಮ್ಮವರಲ್ಲಿ ಹಿಂದೆ ಮದುವೆಯ ದಿನ ಹೆಣ್ಣಿನ ಹೆಸರು ಬದಲಾಗುತ್ತಿತ್ತು. ಅಡ್ಡಹೆಸರಲ್ಲ, ಕರೆಯುವ ಹೆಸರೇ. ತಟ್ಟೆಯಲ್ಲಿ ಅಕ್ಕಿ ಹರವಿ, ಗಂಡು ಉಂಗುರದ ತುದಿಯಿಂದ ಹೊಸ ಹೆಸರು ಬರೆಯುತ್ತಾನೆ, ಹೆಣ್ಣು ಅದನ್ನು ಓದುತ್ತಾಳೆ, ಎಲ್ಲರಿಗೂ ಪೇಢೆ. ಆ ಅಕ್ಕಿ ಆಮೇಲೆ ಏನಾಗುತ್ತದೋ ನನಗೆ ಗೊತ್ತಿಲ್ಲ, ಬಹುಶಃ ಅನ್ನವಾಗುತ್ತದೆ. ಈ ಪದ್ಧತಿ ನನಗೆ ಗೊತ್ತಿತ್ತು. ಆದರೆ ಕಾಕುವಿಗೂ ಹಾಗಾಗಿರಬೇಕು ಎಂದು ಯಾವತ್ತೂ ಹೊಳೆದಿರಲಿಲ್ಲ. ಕಾಕು ಮದುವೆಯಾಗಿ ಸೀದಾ ಮುಂಬಯಿಗೆ ಬಂದವಳು. ದೇವಿಯ ಹೆಸರು ಹತ್ತಿದ್ದು ಇಲ್ಲಿನ ಕಾಗದಗಳಿಗೆ, ಇಲ್ಲಿನ ಭಾಷೆಗಳಿಗೆ. ಕನ್ನಡದಲ್ಲಿ ಅವಳನ್ನು "ನಿನ್ನ ಹೆಸರೇನು" ಎಂದು ಕೇಳಿದ ಕೊನೆಯವರು ಯಾರೋ, ಅವರು ಕೇಳಿದಾಗ ಅವಳು ಇನ್ನೂ ತವರಿನಲ್ಲಿದ್ದಳು. ಅಂದಿನಿಂದ ಆ ಹುಡುಗಿ ಕೇಳುವ ತನಕ ಕನ್ನಡ ಬಲ್ಲ ಪ್ರತಿಯೊಬ್ಬರೂ ಅವಳನ್ನು ಸಂಬಂಧದಿಂದಲೇ ಕರೆದರು. ನಾನೂ ಸೇರಿ. ಲ್ಯಾಬಿನವನು ಹಿಂದಿಯಲ್ಲಿ ಕೇಳಿದ, ಮುಂಬಯಿಯ ಹೆಸರು ಬಂತು. ಹುಡುಗಿ ಪ್ರೀತಿಯಿಂದ ತನಗೆ ಬಾರದ ಕನ್ನಡದಲ್ಲಿ ಕೇಳಿದಳು, ಹೊಳೆ ಬಂತು.

ಇದನ್ನೆಲ್ಲ ನಾನು ಆ ಕ್ಷಣದಲ್ಲಿ ಯೋಚಿಸಲಿಲ್ಲ. ಆ ಕ್ಷಣದಲ್ಲಿ ಯೋಚಿಸಿದ್ದು, ತಿದ್ದಿದರಾಯಿತು ಎಂದು.

ಹೆಂಡತಿ ಕೈ ಹಣೆಗೆ ಹಚ್ಚಿಕೊಂಡು, "ನಿಮ್ಮ ಮನಿಯವ್ರು ನನ್ನ ಹೆಸರೂ ಬದಲ ಮಾಡ್ತೀವಿ ಅಂದಿದ್ರು, ನೆನಪದ ಇಲ್ಲ? ಅಕ್ಕಿ ತಾಟು ಮಾರಿ ಮ್ಯಾಲ ಒಗೀತೀನಿ ಅಂದಿದ್ದೆ" ಎಂದಳು.

"ಒಗೀಬೇಕಿತ್ತು" ಎಂದಳು ಕಾಕು, ಕಣ್ಣು ಮುಚ್ಚಿಯೇ.

ನಾನು ಮತ್ತೆ ಕೆಳಗೆ ಹೋದೆ. ಕಿಟಕಿಯವನಿಗೆ ವಿವರಿಸಿದೆ. ಅಕ್ಕಿ, ಉಂಗುರ, ತವರುಮನೆ, ಎಲ್ಲ ಹಿಂದಿಯಲ್ಲಿ. ಅವನು ಪೂರ್ತಿ ಕೇಳಿದ. ಮರಾಠಿಯವನು, ಅವರಲ್ಲೂ ಈ ಪದ್ಧತಿ ಇದೆ. ತಲೆಯಾಡಿಸಿದ. "ನನ್ನ ತಾಯಿಯದೂ ಹಾಗೇ ಬದಲಾಗಿದೆ" ಎಂದ. ನನಗೆ ಆಸೆ ಹುಟ್ಟಿತು.

"ಹಾಗಾದರೆ ಇದೇ ಅವರದು. ನಾನು ಸೈನ್ ಮಾಡಿ ಕೊಡುತ್ತೇನೆ."

"ನಹೀ ಸಾಹೇಬ್."

"ಇಬ್ಬರೂ ಒಬ್ಬರೇ ಅಂತ ನಾನೇ ಹೇಳುತ್ತಿದ್ದೇನಲ್ಲ."

"ನೀವು ಸ್ವಲ್ಪ ಮುಂಚೆ ನಮ್ಮದಲ್ಲ ಅಂತಲೂ ಹೇಳಿದಿರಿ."

ಅವನು ವ್ಯಂಗ್ಯವಾಗಿ ಹೇಳಲಿಲ್ಲ. ಬೇರೆ ಯಾವ ಕೊಳವೆಯಾದರೂ ಹೆಸರು ತಿದ್ದಿ ನಡೆಸಿಯಾರು, ಈ ಕೊಳವೆಯನ್ನು ಅಲ್ಲ ಎಂದ. ಇದರಲ್ಲಿ ಹೆಸರು ತಪ್ಪಿದರೆ ಒಬ್ಬರಿಗೆ ಹೊಂದದ ರಕ್ತ ಒಳಗೆ ಹೋಗುತ್ತದೆ, ಆಮೇಲೆ ಯಾವ ವಿವರಣೆಯೂ ಕೆಲಸಕ್ಕೆ ಬರುವುದಿಲ್ಲ. ಮೇಲಿನ ಲ್ಯಾಬಿಗೂ ಅವನು ಫೋನು ಮಾಡಿ ಹೇಳಿದ. ಕಾರಣ ಹುಡುಕಲು ತೆಗೆದಿದ್ದ ಉಳಿದ ಕೊಳವೆಗಳ ಮೇಲೂ ಅದೇ ನದಿ, ಅದೇ ಕೈಬರಹ. ಅವರೂ ತಿರಸ್ಕರಿಸಿದರು. ನಾನು ವಾದಿಸುತ್ತಲೇ ಇದ್ದೆ. ಅವನ ಮಾತು ಸರಿ ಎಂದು ನನಗೆ ಗೊತ್ತಿತ್ತು, ಆದರೂ ಬಾಯಿ ನಿಲ್ಲಲಿಲ್ಲ. ಗಾಜಿನ ಆಚೆ ಆ ಕೊಳವೆ ನಿಂತಿತ್ತು. ಕಾಕುವಿನಲ್ಲಿ ಉಳಿದಿದ್ದ ಸ್ವಲ್ಪದರಲ್ಲಿ ಸ್ವಲ್ಪ. ಅದನ್ನು ಯಾರೂ ಏನೂ ಕೇಳುವಂತಿರಲಿಲ್ಲ.

ಹುಡುಗಿ ಎರಡನೆಯ ಸಲ ಬಂದಾಗ ಅವಳ ಮುಖ ಬಿಗಿದಿತ್ತು. "ಅಂಕಲ್, ಅಜ್ಜಿನೇ ಹೇಳಿದ್ರು. ಮೈನೇ ಪೂಛಾ ಥಾ" ಎಂದಳು. ಗೊತ್ತು ಎಂದೆ. "ಮೇಡಮ್ ನಂಗೆ ಬೈದ್ರು" ಎಂದಳು. ಅದಕ್ಕೂ ಗೊತ್ತು ಎಂದೆನೋ ಏನೋ.

ಈಗ ನರವೇ ಇರಲಿಲ್ಲ. ಎಡಗೈಯಲ್ಲಿ ಸಲೈನ್ ಓಡುತ್ತಿತ್ತು. ಆ ಕೈಯಿಂದ ತೆಗೆದರೆ ರಕ್ತಕ್ಕೆ ನೀರು ಬೆರೆತು ಲೆಕ್ಕ ಕೆಡುತ್ತದೆ. ಬಲಗೈ ತಣ್ಣಗಿತ್ತು. ರಬ್ಬರು ಪಟ್ಟಿ ಬಿಗಿದು ಬೆರಳಿನಿಂದ ತಟ್ಟಿ ತಟ್ಟಿ ನೋಡಿದಳು, ಬಿಚ್ಚಿದಳು. ಬಹಳ ಹೊತ್ತು ಬಿಗಿದಿಟ್ಟರೂ ರಕ್ತ ಕೆಡುತ್ತದಂತೆ. ಬಿಸಿನೀರಿನ ಚೀಲ ತರಿಸಿ ಇಟ್ಟರು. ಚುಚ್ಚಿದಳು. ಸೂಜಿಯನ್ನು ಒಳಗೇ ಅತ್ತಿತ್ತ ಹೊರಳಿಸಿದಳು. ಬರಲಿಲ್ಲ. ಈ ಸಲ ಪರದೆ ಎಳೆದಿರಲಿಲ್ಲ, ಯಾಕೆ ಎಳೆಯಲಿಲ್ಲವೋ. ಕಾಕು ನನ್ನ ಹೆಂಡತಿಯ ಬೆರಳು ಹಿಡಿದುಕೊಂಡಿದ್ದಳು. ಹಸ್ತದ ಹಿಂಭಾಗದಲ್ಲಿ ಒಂದು, ಮಣಿಕಟ್ಟಿನಲ್ಲಿ ಒಂದು. ಮಣಿಕಟ್ಟಿನಲ್ಲಿ ಒಂದು ಹನಿ ಕಂಡು ನಿಂತಿತು.

"ಹೆಸರು ತಪ್ಪು ಹೇಳಿದ್ದಕ್ಕ ಸಿಟ್ಟಾಗೇದೇನು ಈ ಹುಡುಗೀಗೆ?" ಎಂದು ಕಾಕು ನನ್ನನ್ನು ಕೇಳಿದಳು.

"ಇಲ್ಲ ಕಾಕೂ."

"ಹಂಗಾರ ಯಾಕ ಹಿಂಗ ತಿವೀಲಿಕ್ಕತ್ತಾಳ?"

ಹುಡುಗಿಗೆ ಎಷ್ಟು ಅರ್ಥವಾಯಿತೋ, ಸೂಜಿ ತೆಗೆದು, "ಸಾರಿ ಅಜ್ಜಿ, ಸಾರಿ" ಎಂದು ಹತ್ತಿ ಒತ್ತಿ ಹಿಡಿದಳು. ಡಾಕ್ಟರನ್ನು ಕರೆದರು. ಡಾಕ್ಟರು ಕಾಲಿನ ಕಡೆ ಹೋದರು. ಪಾದದ ಮೇಲೆ ಒಂದು ಸಣ್ಣ ನೀಲಿ ಗೆರೆ ಸಿಕ್ಕಿತು. ರಕ್ತ ಬಂತು, ಎಳೆಎಳೆಯಾಗಿ. ನೇರಳೆ ಕೊಳವೆಯ ತಳ ಮುಚ್ಚಿ ಸ್ವಲ್ಪ ಮೇಲೇರಿತು. ನಾವೆಲ್ಲರೂ ಆ ಕೊಳವೆಯನ್ನೇ ನೋಡುತ್ತಿದ್ದೆವು. ಯಾರೂ ಉಸಿರಾಡಲಿಲ್ಲ ಎಂದು ಬರೆಯಲು ಮನಸ್ಸಾಗುತ್ತದೆ, ಆದರೆ ಕಾಕು ಉಸಿರಾಡುತ್ತಿದ್ದಳು, ಜೋರಾಗಿ, ಅದೊಂದೇ ಸದ್ದು. ಗೆರೆ ಮಾಯವಾಯಿತು. ಸೂಜಿಯಲ್ಲಿ ಇನ್ನೇನೂ ಬರಲಿಲ್ಲ.

ಡಾಕ್ಟರು ಕೊಳವೆಯನ್ನು ಕಣ್ಣೆತ್ತರಕ್ಕೆ ಹಿಡಿದರು. ಟ್ರೇಯಲ್ಲಿ ಹಳದಿ ಮುಚ್ಚಳದವು ಖಾಲಿಯಾಗಿ ಮಲಗಿದ್ದವು.

"ಇದು ಒಂದಕ್ಕೆ ಸಾಕು. ರಕ್ತ ಬೆರೆಸಿ ನೋಡುವ ಕ್ರಾಸ್‌ಮ್ಯಾಚಿಗೆ" ಎಂದರು.

"ಮತ್ತೆ ಕಾರಣ ಹುಡುಕೋದು?"

"ಎದೆಬಡಿತ ನೋಡಿದಿರಾ? ಇನ್ನೊಂದು ಕಡೆ ಚುಚ್ಚುತ್ತ ಕೂರಲು ಹೊತ್ತಿಲ್ಲ. ಪೆಹಲೇ ಜಾನ್."

ಮೊದಲು ಜೀವ. ನಾನು ಹೂಂ ಎಂದೆ. ಅವರು ಕೇಳಿರಲಿಲ್ಲ, ಆದರೂ ಹೂಂ ಎಂದೆ.

ಆ ಕೊಳವೆಯ ಮೇಲೆ ಡಾಕ್ಟರೇ ಬರೆದರು. ಹಿಂದಿಯಲ್ಲಿ ಹೆಸರು ಕೇಳಿದರು. ಕಾಕು ಕಣ್ಣು ಮುಚ್ಚಿಕೊಂಡೇ ಆ ಮೂರು ಶಬ್ದ ಒಪ್ಪಿಸಿದಳು. ಈ ಸಲ ಬಾಯಿ ಒರೆಸಿಕೊಳ್ಳಲಿಲ್ಲ. ಕೈಗಳು ಬೇರೆಯವರ ವಶದಲ್ಲಿದ್ದವು.

ರಕ್ತ ಹೊಂದಿಸಿ ಕಳಿಸುವ ತನಕ ನಾನು ಕಾರಿಡಾರಿನಲ್ಲಿ ನಿಂತು ಫೋನು ಮಾಡುತ್ತಿದ್ದೆ. ಮನೆಗೆ ಬಂದಿದ್ದ ಲ್ಯಾಬಿಗೆ ಮಾಡಿದೆ. ನಿನ್ನೆ ತೆಗೆದುಕೊಂಡು ಹೋದ ರಕ್ತ ಉಳಿದಿದೆಯೇ? ಆ ಹೆಂಗಸು ನೋಡಿ ಹೇಳಿದಳು: ಇಲ್ಲ ಸರ್, ಎಸೆದಾಗಿದೆ. ಇದ್ದರೂ ಆಗುತ್ತಿರಲಿಲ್ಲ, ನೇರಳೆಯದರಲ್ಲಿ ಕಬ್ಬಿಣ ನೋಡಲು ಬರುವುದಿಲ್ಲ, ಬೂದು ಮುಚ್ಚಳದ್ದು ಸಕ್ಕರೆಗಷ್ಟೇ. ಹಳದಿ ಕೊಳವೆ ಒಂದನ್ನು ತೆಗೆಸಿದ್ದರೆ... ಎಂದಳು. ಫ್ಯಾಮಿಲಿ ಡಾಕ್ಟರಿಗೆ ಮಾಡಿದೆ. ಅವರು ಎತ್ತಲಿಲ್ಲ, ಕ್ಲಿನಿಕ್ಕಿನ ಹೊತ್ತು. ಬ್ಲಡ್ ಬ್ಯಾಂಕಿನ ಕಿಟಕಿಗೆ ಇನ್ನೊಮ್ಮೆ ಹೋದೆ. ಆ ಗೃಹಸ್ಥನ ಪಾಳಿ ಮುಗಿದಿತ್ತು, ಬೇರೊಬ್ಬ ಕುಳಿತಿದ್ದ. ಅವನಿಗೆ ಅಕ್ಕಿಯಿಂದ ಶುರುಮಾಡಿ ಹೇಳಬೇಕಿತ್ತು. ಹೇಳಲಿಲ್ಲ, ಮೇಲೆ ಬಂದೆ.

ಸಂಜೆ ಬೆಳಕು ಇರುವಾಗಲೇ ಚೀಲ ಬಂತು. ಇಬ್ಬರು ನರ್ಸುಗಳು ಎದುರುಬದುರು ನಿಂತು ಚೀಲದ ಮೇಲಿನದನ್ನೂ, ಅಷ್ಟರಲ್ಲಿ ಬಂದಿದ್ದ ಕೈಪಟ್ಟಿಯ ಮೇಲಿನದನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಿದರು. ನಳಿಕೆಯಲ್ಲಿ ಕೆಂಪು ಇಳಿಯಿತು. ಯಾರದೋ ರಕ್ತ. ಯಾರದು ಎಂದು ಹೇಳುವ ಪದ್ಧತಿ ಇಲ್ಲ. ಒಂದು ಚೀಲ, ಆಮೇಲೆ ಇನ್ನೊಂದು. ಕಾಕುವಿನ ತುಟಿಗೆ ಬಣ್ಣ ಬಂದದ್ದನ್ನು ನಾನು ಕಂಡೆ ಎಂದು ನಾನು, ಅದು ಟ್ಯೂಬ್‌ಲೈಟ್ ಹಾಕಿದ್ದರಿಂದ ಎಂದು ಹೆಂಡತಿ.

ಮರುದಿನ ಬೆಳಗ್ಗೆ ಕಾಕು ಎದ್ದು ಕುಳಿತು ಚಹಾ ಕೇಳಿದಳು. ಆಸ್ಪತ್ರೆಯ ಚಹಾ ಕುಡಿದು, "ಇದಕ್ಕ ಚಹಾ ಅನ್ನೋದಂದ್ರ ಚಹಾಕ್ಕೂ ಹೆಸರು ಬದಲ ಮಾಡಿದ್ಹಂಗ" ಎಂದಳು. ಪಕ್ಕದ ಬೆಡ್ಡಿನವಳಿಗೆ ಹಿಂದಿಯಲ್ಲಿ ಬುದ್ಧಿ ಹೇಳಿದಳು. ನಾವು ನಕ್ಕೆವು. ಹೆಂಡತಿ ಶಾಲೆಗೆ ಹೋದಳು.

ಡಾಕ್ಟರು ರೌಂಡಿಗೆ ಬಂದಾಗ ನನ್ನನ್ನು ಬಾಗಿಲ ಹತ್ತಿರ ಕರೆದರು. ಸದ್ಯಕ್ಕೆ ಪರವಾಗಿಲ್ಲ ಎಂದರು. ಆದರೆ ಯಾಕೆ ಹೀಗಾಯಿತು ಎಂದು ಈಗ ರಕ್ತವನ್ನು ಕೇಳಿದರೆ ಸುಳ್ಳು ಉತ್ತರ ಬರಬಹುದು, ಬೇರೆಯವರ ಕಣಗಳು ತುಂಬಿವೆ. ಅವು ಸವೆದುಹೋಗುವ ತನಕ ಕಾಯಬೇಕು, ಕೆಲವು ತಿಂಗಳು. ಅಷ್ಟರಲ್ಲಿ ಮತ್ತೆ ಇಳಿದರೆ? ಇಳಿದರೆ ಮತ್ತೆ ಏರಿಸಬೇಕು. ಏರಿಸಿದರೆ ಮತ್ತೆ ಕಾಯಬೇಕು. ಎಲುಬಿನ ಮಜ್ಜೆಯನ್ನೇ ತೆಗೆದು ನೋಡುವ ಪರೀಕ್ಷೆ ಇದೆ. ಈ ವಯಸ್ಸಿಗೆ, ಈ ಎದೆಬಡಿತಕ್ಕೆ, ಅನುಮಾನ ಗಟ್ಟಿಯಾಗದೆ ಅದನ್ನು ಮಾಡಲು ದೊಡ್ಡ ಡಾಕ್ಟರು ಒಪ್ಪುತ್ತಿಲ್ಲ. ಅನುಮಾನ ಗಟ್ಟಿಯಾಗಬೇಕಾದರೆ ಆ ರಕ್ತ ಬೇಕಿತ್ತು.

"ಆ ತಿರಸ್ಕರಿಸಿದ ಕೊಳವೆಗಳು?" ಎಂದೆ.

ಅವರು ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಮುಂದಿನ ಬೆಡ್ಡಿಗೆ ಹೋದರು.

ನಾನು ಬಂದು ಸ್ಟೂಲಿನ ಮೇಲೆ ಕುಳಿತೆ.

"ಏನಂದಳು ಡಾಕ್ಟರ್ಣಿ?"

"ಆರಾಮ ಆಗ್ತದ ಅಂದ್ರು."

"ಅದಲ್ಲೋ. ನನಗ ಏನಾಗೇದ ಅಂತ?"

"ಇನ್ನಾ ಗೊತ್ತಾಗಿಲ್ಲ ಕಾಕೂ."

"ರಕ್ತ ತಗೊಂಡ್ರಲ್ಲ? ಕೈಯಾಗ, ಕಾಲಾಗ?"

"ತಗೊಂಡ್ರು."

"ಮತ್ತ ಅದು ಏನೂ ಹೇಳಲಿಲ್ಲೇನು?"

ಏನೂ ಹೇಳಲಿಲ್ಲ ಎಂದೆ.

"ಹಂಗಾರ ಇನ್ನೊಮ್ಮೆ ತಗೋಳ್ಳಿ ಅನ್ನು. ಈಗ ನನಗ ಶಕ್ತಿ ಬಂದದ, ಈಗ ಬರ್ತದ ರಕ್ತ. ಆ ಹುಡುಗೀನ ಕರಿ."

ಬಲಗೈಯನ್ನು ಹೊದಿಕೆಯಿಂದ ಹೊರಗೆ ತೆಗೆದು, ಅಂಗೈ ಮೇಲೆ ಮಾಡಿ, ಮುಟಿಗೆ ಬಿಗಿದು ನನ್ನ ಮುಂದೆ ಚಾಚಿದಳು. ಮಣಿಕಟ್ಟಿನಿಂದ ಮೊಣಕೈಯ ತನಕ ಚುಚ್ಚಿದ ಕಡೆಯಲ್ಲೆಲ್ಲ ನೀಲಿಗಟ್ಟಿತ್ತು.

ನಾನು ಕೈಯ ಮೇಲೆ ಹೊದಿಕೆ ಎಳೆದೆ. ಅವಳು ಮತ್ತೆ ಹೊರಗೆ ತೆಗೆದಳು.